ದನಕ್ಕೆ ಮಾಡಿದ ನೂಡಲ್ಸ್

ಪ್ಯಾಕೆಟ್ ನೂಡಲ್ಸ್ ನಮ್ಮ ಹೊಳನಗದ್ದೆಯ ಅಂಗಡಿಗೆ ಆಗಷ್ಟೇ ಬಂದಿದ್ದ ಕಾಲ. ಅದನ್ನು ತಿಂದವರು, ತಿನ್ನದವರು ಎಂದು ಶಾಲೆಯಲ್ಲಿ ನಮಗೆ ಎರಡೇ ಜಾತಿ. ನಾಲ್ಕನೇ ಕ್ಲಾಸಿನ ನಾನು ತಿನ್ನದವಳು. ಆದರೂ ನಮ್ಮನೆಯಲ್ಲಿ ಪ್ರತಿ ರವಿವಾರ ಅದೇ ಎಂದು ಪಕ್ಕ ಕೂರುವ ಸುಷ್ಮಾಳ ಮುಂದೆ ಬಡಾಯಿ ಕೊಚ್ಚಿದ್ದೆ. ಕುಮಟಾ ಪೇಟೆಯ ಹುಡುಗಿ ಅವಳು. "ಹಂಗಾರೆ ಈ ರವಿವಾರ ನಾನೂ ಬರ್ತೆ" ಅಂದುಬಿಟ್ಟಳು.

ಅಮ್ಮನನ್ನು ನಾವು ಕರೆಯುವುದು ಆಯಿ ಎಂದು. ಮನೆಗೆ ಬಂದು ಆಯಿಯ ಸೆರಗು ಹಿಡಿದೆ. ಒಂದೇ ಒಂದು ಪ್ಯಾಕೆಟ್ಟು ಸಾಕಿತ್ತು.

"ಅದ್ರಲ್ಲಿ ಎಂತ ಹಾಕಿರ್ತರೋ ಯಾರಿಗೆ ಗೊತ್ತು? ಹೊಟ್ಟೆ ಹಾಳಾಗ್ತದೆ. ನಾನೇ ಮಾಡ್ತೆ, ಅದಕ್ಕಿಂತ ಚಲೋದು" ಅಂದಳು ಆಯಿ.

ಆ ಚಲೋದು ಆದದ್ದು ಹೀಗೆ. ಅಕ್ಕಿಹಿಟ್ಟಿಗೆ ರಾಗಿ ಬೆರೆಸಿದಳು. ರಕ್ತ ಹೆಚ್ಚಾಗಲೆಂದು ಬಸಳೆ ಬೇಯಿಸಿ ರುಬ್ಬಿ ಆ ಲೋಳೆಯನ್ನೂ ಸುರಿದಳು. ಶಾವಿಗೆ ಒರಳಿನಿಂದ ಇಳಿದದ್ದು ಮಳೆಗಾಲದಲ್ಲಿ ಬಚ್ಚಲ ಗೋಡೆ ಹತ್ತುವ ಹುಳಗಳ ಬಣ್ಣ. ಅಂಗಡಿಯದರ ಹಾಗೆ ಕಾಣಲೆಂದು ಎಳೆಗಳನ್ನು ಬೆರಳಿಗೆ ಸುತ್ತಿ ಸುತ್ತಿ ಸುರುಳಿ ಮಾಡಿದಳು. ಸೊಂಟ ಹಿಡಿದುಕೊಂಡರೂ ಬಿಡಲಿಲ್ಲ.

ಅಲ್ಲಿಗೇ ಮುಗಿದಿದ್ದರೂ ಆಗುತ್ತಿತ್ತು. ಅಂಗಳದ ಚಾಪೆಯಲ್ಲಿ ಮಳೆಗಾಲಕ್ಕೆಂದು ಸೆಟ್ಲಿ, ಅಂದರೆ ಸಣ್ಣ ಸಿಗಡಿ, ಒಣಗುತ್ತಿತ್ತು. ಕಾಗೆ ಕಾಯಲು ಕೋಲು ಹಿಡಿದು ಕೂತವಳು ನಾನೊಬ್ಬಳೇ. ಎರಡು ಚಾಪೆ ಕಾಯಲು ಇನ್ನೊಬ್ಬಳು ಎಲ್ಲಿಂದ ಬರಬೇಕು? ಆಯಿ ಸುರುಳಿಗಳನ್ನೂ ಅದೇ ಚಾಪೆಯ ಅಂಚಿಗೆ ಹರಡಿದಳು. ಸೆಟ್ಲಿ ಚಟ್ನಿ ಎಂದರೆ ನಾನು ಪ್ರಾಣ ಬಿಡುತ್ತಿದ್ದೆ, ಆದರೆ ಎರಡು ದಿನದ ಬಿಸಿಲಿಗೆ ಆ ನಾತವೆಲ್ಲ ನೂಡಲ್ಸಿಗೆ ಹತ್ತಿತ್ತು.

"ಆಯಿ, ನಾರ್ತದೆ."

"ಮಸಾಲೆ ಹಾಕಿದ್ರೆ ಆತು."

ರವಿವಾರ ಸುಷ್ಮಾ ಹೊಸ ಫ್ರಾಕು ಹಾಕಿಕೊಂಡು ಬಂದಳು. ಬಂದವಳೇ ಆಯಿಗೆ, "ನಿಮ್ಮನೇಲಿ ಪ್ರತಿ ರವಿವಾರ ನೂಡಲ್ಸಂತೆ, ಅಲ್ದಾ?" ಅಂದಳು. ಆಯಿ ನನ್ನ ಮುಖ ನೋಡಿ ನೀರಿಡಲು ಒಳಗೆ ಹೋದಳು.

ನೀರು ಕುದಿಯುತ್ತಿದ್ದಂತೆ ನಾತ ಜಗಲಿಗೆ ಬಂತು. ಸುಷ್ಮಾ ಮೂಗು ಮುಚ್ಚಿಕೊಂಡಳು. ಅಷ್ಟರಲ್ಲಿ ಆಯಿ ಪಾತ್ರೆ ಹಿಡಿದು ಬಂದಳು. ಎಳೆಗಳೆಲ್ಲ ಅಂಟಿ ಮುದ್ದೆಯಾಗಿದ್ದವು. ಸೌಟು ಎತ್ತಿದರೆ ಲೋಳೆ ನೂಲುನೂಲಾಗಿ ಜೊತೆಗೇ ಏಳುತ್ತಿತ್ತು. ನಾಳೆ ಇಡೀ ಕ್ಲಾಸಿಗೆ ನನ್ನ ಸುಳ್ಳು ಗೊತ್ತಾಗುತ್ತದೆಂದು ಹೆದರಿಕೆಯಾಯಿತು.

"ಆಯಿ, ದನಕ್ಕೆ ಮಾಡಿದ್ದನ್ನ ಇಲ್ಲಿಗೆ ಯಾಕೆ ತಂದೆ?" ಅಂದೆ.

ಆಯಿ ಪಾತ್ರೆ ಹಿಡಿದುಕೊಂಡೇ ಸುಷ್ಮಾಳ ಕಡೆ ತಿರುಗಿ, "ಹೌದು ಮಗಾ, ದನಕ್ಕೆ ಮಾಡಿದ್ದು. ಗಡಿಬಿಡೀಲಿ ತಂದ್ಬಿಟ್ಟೆ. ನೂಡಲ್ಸು ನಿನ್ನೆಯೇ ಖಾಲಿ ಆಯ್ತು. ಅವಲಕ್ಕಿ ಕಲಸಿ ಕೊಡ್ತೆ, ಆಗ್ಬಹುದೋ?" ಅಂದಳು.

ಸುಷ್ಮಾ ಅವಲಕ್ಕಿಯನ್ನು ಎರಡು ಸಲ ಹಾಕಿಸಿಕೊಂಡಳು. ಬಾನಿಗೆ ಸುರಿದ ನೂಡಲ್ಸನ್ನು ದನವೂ ಮೂಸಿ ಮುಖ ತಿರುಗಿಸಿತು. ಸಂಜೆ ಆಯಿ ಒರಳು ತೊಳೆದು ಅಟ್ಟಕ್ಕೆ ಹಾಕಿದಳು. ನನಗೆ ಒಂದು ಮಾತೂ ಬೈಯಲಿಲ್ಲ.

ಈಗ ನಾನೂ ಮಗನಿಗೆ ಫೋನಿನಲ್ಲಿ ನೋಡಿಕೊಂಡು ನವಣೆಯ ನೂಡಲ್ಸ್ ಮಾಡುತ್ತೇನೆ, ಬೀಟ್‌ರೂಟ್ ತುರುಕಿ. ನಿಜ ಹೇಳಬೇಕೆಂದರೆ ಅದು ನೆನೆದ ರಟ್ಟಿನ ಹಾಗಿರುತ್ತದೆ. ಹೋದ ವಾರ ಅವನ ಗೆಳೆಯ ಬಂದಿದ್ದ. "ತಿನ್ಬೇಡ ಮಾರಾಯ, ವಾಂತಿ ಬರ್ತದೆ" ಅಂದ ನನ್ನ ಮಗ. ನನಗೆ ಎಲ್ಲಿತ್ತೋ ಸಿಟ್ಟು. ಆ ಹುಡುಗನ ಎದುರೇ ಬೈದೆ. ಎಷ್ಟು ಹೊತ್ತು ಒಲೆ ಮುಂದೆ ನಿಂತಿದ್ದೆ ಗೊತ್ತೇ ನಿನಗೆ ಎಂದೆ. ಇಬ್ಬರೂ ತಲೆ ತಗ್ಗಿಸಿ ತಿಂದು ಮುಗಿಸುವವರೆಗೆ ಎದುರೇ ನಿಂತಿದ್ದೆ. ಆಮೇಲೆ ತಟ್ಟೆ ತೊಳೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಆಯಿಯ ನೂಡಲ್ಸು ಹೊಲಸೇ. ಅದು ಮತ್ತೆ ಬೇಕೆಂದು ಸುಳ್ಳು ಹೇಳಲಾರೆ. ಆದರೆ ಆ ಬಿಸಿ ಪಾತ್ರೆ ಹಿಡಿದುಕೊಂಡೇ ಅವಳು ನನಗಾಗಿ "ಹೌದು" ಅಂದಳಲ್ಲ, ಅಷ್ಟನ್ನು ನನ್ನ ಮಗನಿಗೆ ಕೊಡಲು ನನ್ನಿಂದಾಗಲಿಲ್ಲ.