ಸೋಮವಾರ ಮಾತ್ರ ಏಳುತ್ತಿದ್ದ ಲ್ಯಾಪ್‌ಟಾಪ್

ನನ್ನ ತಾಯಿಯ ಬೀಸುಕಲ್ಲಿನ ಹಾಡುಗಳು ಈಗ ನನ್ನ ಹೆಂಡತಿಯ ಕಂಠದಲ್ಲಿ ಮಾತ್ರ ಉಳಿದಿವೆ. ಅವಳ ನೆನಪು ಮಾಸುವ ಮುನ್ನ ಅವನ್ನು ಲ್ಯಾಪ್‌ಟಾಪಿನಲ್ಲಿ ಬರೆದಿಡತೊಡಗಿದೆ. ಚಳಿಗಾಲ ಬಂದೊಡನೆ ಅದು ಮುನಿಯಿತು. ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಗುಂಡಿ ಒತ್ತಿದರೆ ಸೋಮವಾರ ಮಾತ್ರ ಏಳುತ್ತಿತ್ತು. ಮಧ್ಯಾಹ್ನದ ಬಸ್ಸಿನಲ್ಲಿ ಉದಗೀರದ ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿ ತಟ್ಟನೆ ಹೊತ್ತಿಕೊಂಡು ನನ್ನನ್ನು ನಾಚಿಸಿತು. ಸೋಮವಾರ ಶಿವನ ವಾರ, ಅವನ ಕೃಪೆಯೆಂದೇ ನಾನು ನಂಬಿದೆ.

ಹೆಂಡತಿ ನಕ್ಕಳು. “ಸೋಮಾರ ನಿಮ್ಮ ಪೂಜಿ ಭಾಳ ಹೊತ್ತು ನಡೀತದ್ರಿ. ಅಷ್ಟರಾಗ ಖಿಡಕ್ಯಾಗಿನ ಬಿಸಲು ಮೇಜಿನ ಮ್ಯಾಲ ಬಂದಿರ್ತದ. ಉದಗೀರಕ್ಕೂ ಬಿಸಲಾಗೇ ಒಯ್ದೀರಿ. ಥಂಡಿಗಿ ನಿಮ್ಮ ಮೊಣಕಾಲ ಹಿಡಿದಂಗ ಅದಕ್ಕೂ ಹಿಡೀತದ.”

“ಹಂಗಾರ ಶಿವ ಏನೂ ಮಾಡಿಲ್ಲಂತಿ?”

“ಬಿಸಲು ಯಾರದ್ರಿ ಮತ್ತ?”

ಮರುದಿನ ಮಂಗಳವಾರ. ಅಂಗಳದಲ್ಲಿ ಒಣಹಾಕಿದ ತೊಗರಿಯ ಪಕ್ಕದಲ್ಲಿ ಅವಳು ಲ್ಯಾಪ್‌ಟಾಪನ್ನೂ ಬಟ್ಟೆ ಹೊದಿಸಿ ಇಟ್ಟಳು. ಪೂಜೆ ಮುಗಿಸಿ ಗುಂಡಿ ಒತ್ತಿದೆ, ಪರದೆ ಬೆಳಗಿತು.

ಮೊದಲ ಸಾಲು ಹಾಡಿ ಅವಳು ನಿಲ್ಲಿಸಿದಳು. ಮುಂದಿನದು ನೆನಪಾಗಲಿಲ್ಲ. ನಾನು ಅವಸರಪಡಿಸಲಿಲ್ಲ, ಅವಳ ಬೆನ್ನಿಗೆ ಬಿಸಿಲು ತಾಗುವಂತೆ ಕುರ್ಚಿಯನ್ನು ಸರಿಸಿ ಪಕ್ಕದಲ್ಲಿ ಕುಳಿತೆ. ಸ್ವಲ್ಪ ಹೊತ್ತಿನ ಮೇಲೆ ಎರಡನೆಯ ಸಾಲು ಬಂದಿತು.