ಸೋನಾಬಾಯಿ ಅಕ್ಕೋರ ಮಾತಿಲ್ಲದ ಸಂತೆ

ಸಾವಿರಾರು ವರ್ಷಗಳ ಹಿಂದೆ ಬಾಳಿ ಮಣ್ಣಿನಡಿ ಸೇರಿಹೋದ ಜನರನ್ನು ಇಂದಿನ ಮಕ್ಕಳ ಎದುರಿಗೆ ಎಬ್ಬಿಸಿ ಕೂಡಿಸುವುದು ಸುಲಭದ ಕೆಲಸವಲ್ಲ. ನದಿಗಳ ಹೆಸರನ್ನೂ ಇಸವಿಗಳನ್ನೂ ಬಾಯಿಪಾಠ ಮಾಡಿಸಿ ಮಕ್ಕಳನ್ನು ಪರೀಕ್ಷೆ ದಾಟಿಸುವ ಶಿಕ್ಷಕರು ಬಹಳ ಮಂದಿ ಇದ್ದಾರೆ, ಅವರ ಶ್ರಮಕ್ಕೂ ಬೆಲೆಯಿದೆ. ಆದರೆ ನೈಲ್ ನದಿಯನ್ನು ಶಾಲೆಯ ಅಂಗಳದಲ್ಲೇ ಹರಿಸಿ, ಹರಪ್ಪದ ಸಂತೆಯನ್ನು ಪಡಸಾಲೆಯಲ್ಲೇ ಕೂಡಿಸಿ, ಮಕ್ಕಳು ಅಲ್ಲಿ ಓಡಾಡಿ ಬರುವಂತೆ ಮಾಡಿದವರು ನಮ್ಮ ನಿಪ್ಪಾಣಿ, ರಾಯಬಾಗ ಭಾಗದಲ್ಲಿ ನಾನು ಕಂಡಂತೆ ಒಬ್ಬರೇ. ಅವರು ಈ ವರ್ಷ ನಿವೃತ್ತರಾಗುತ್ತಿರುವ ಶ್ರೀಮತಿ ಸೋನಾಬಾಯಿ ಮಗದುಮ್ ಅವರು. ನಮ್ಮೆಲ್ಲರ ಬಾಯಲ್ಲಿ ಸೋನಾಬಾಯಿ ಅಕ್ಕೋರು.

ನಾನು ವಿದ್ವಾಂಸಳಲ್ಲ. ಮೊದಲು ಅವರ ವಿದ್ಯಾರ್ಥಿನಿಯಾಗಿದ್ದೆ, ಮುಂದೆ ಅವರ ವಿದ್ಯಾರ್ಥಿನಿಯೊಬ್ಬಳ ತಾಯಿಯಾದೆ. ಆ ಎರಡು ಸಂಬಂಧಗಳ ಬಲದಿಂದಲೇ ಅವರ ಈ ಅಭಿನಂದನ ಗ್ರಂಥದಲ್ಲಿ ನನಗೊಂದು ಜಾಗ ಸಿಕ್ಕಿದೆ. ಆಡಿನ ಹಾಲು ಹಿಂಡಿ, ರೊಟ್ಟಿ ಬಡಿದು, ನಡುವೆ ಸಿಕ್ಕ ಹೊತ್ತಿನಲ್ಲಿ ಬರೆದದ್ದರಿಂದ ಮಾತು ಅಲ್ಲಲ್ಲಿ ಕಡಿದಿದ್ದರೆ ಓದುವವರು ಕೂಡಿಸಿಕೊಳ್ಳಬೇಕು.

ಅಕ್ಕೋರು ಹುಟ್ಟಿದ್ದು ಭೋಜದಲ್ಲಿ. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ. ಅವರು ನನ್ನ ತವರೂರಾದ ಅಕ್ಕೋಳಕ್ಕೆ ಬಂದಾಗ ನಾನು ಆರನೆಯ ಇಯತ್ತೆಯಲ್ಲಿದ್ದೆ. ಬಂದ ವಾರದಲ್ಲೇ ಅಂಗಳದಲ್ಲಿ ಉಸುಕು ಹರಡಿಸಿ, ನಮಗೆಲ್ಲ ತುಂಡು ತುಂಡು ಹೊಲ ಹಂಚಿ, ಬದು ಕಟ್ಟಿಸಿದರು. ಆಮೇಲೆ ಕೊಡದಿಂದ ನೀರು ಸುರಿದು "ನೈಲ್ ನದಿಗಿ ಮಹಾಪೂರ ಬಂತು" ಎಂದರು. ನಮ್ಮ ಬದುಗಳೆಲ್ಲ ಕೊಚ್ಚಿ ಹೋದವು. ಯಾರ ಹೊಲ ಎಲ್ಲಿತ್ತೆಂದು ಗಲಾಟೆ ಎದ್ದು, ಕಬ್ಬಿನ ಹೊಲದ ಮನೆತನದ ರೋಹನ ತನ್ನ ಪಕ್ಕದವನ ಅಂಗಿ ಹಿಡಿದು, ನಮ್ಮಪ್ಪನನ್ನೇ ಕರೆತರುತ್ತೇನೆ ಎಂದು ಹೊರಟ.

"ನಿಮ್ಮಪ್ಪ ಈಜಿಪ್ತದಾಗ ಇಲ್ಲೋ. ಈ ಹಗ್ಗ ಹಿಡಿ, ಅಳಿ" ಎಂದರು ಅಕ್ಕೋರು.

ಪ್ರತಿ ಪ್ರವಾಹದ ನಂತರ ಹೊಲ ಅಳೆಯಬೇಕಾದ ಜನ ಅಳತೆಯ ವಿದ್ಯೆಯನ್ನು ಯಾಕೆ ಅಷ್ಟು ಬೆಳೆಸಿದರೆಂದು ನಮಗೆ ಮತ್ತೆ ಯಾರೂ ಹೇಳಬೇಕಾಗಲಿಲ್ಲ. ಹಗ್ಗ ಹಿಡಿದು ಅಳೆದ ನಮ್ಮ ಕೈಗೇ ಅವರು ಪಿರಮಿಡ್ಡುಗಳ ಚಿತ್ರದ ಪುಸ್ತಕ ಕೊಟ್ಟರು. ಕೈ ಮಣ್ಣಾಗಿದೆ ಎಂದು ನಾನು ಹಿಂಜರಿದೆ. ತೊಳೆದು ಬರುವಷ್ಟರಲ್ಲಿ ಮನಸ್ಸು ಬೇರೆ ಕಡೆ ಹೋಗುತ್ತದೆ, ಹಾಗೇ ಓದು ಎಂದರು. ಆ ಪುಸ್ತಕದ ಹಾಳೆಯ ಮೇಲೆ ನನ್ನ ಹೆಬ್ಬೆರಳಿನ ಗುರುತು ಬಹುಶಃ ಇನ್ನೂ ಇದ್ದೀತು.

ಕಾಲಾಂತರದಲ್ಲಿ ಅವರಿಗೆ ಹಾರೂಗೇರಿಯ ಹತ್ತಿರ, ಹೊಲಮನೆಗಳ ನಡುವಿನ ತೋಟದ ಶಾಲೆಗೆ ವರ್ಗವಾಯಿತು. ಮದುವೆಯಾಗಿ ನಾನು ಬಂದದ್ದೂ ಅದೇ ಕಡೆಗೆ, ಕುರಿ ಸಾಕುವ ಮನೆಗೆ. ಅಷ್ಟರಲ್ಲಿ ಶಾಲೆಗೆ ಟಿ.ವಿ. ಬಂದಿತ್ತು, ಇಂಟರ್‌ನೆಟ್ ಮಾತ್ರ ಬಂದಿರಲಿಲ್ಲ. ಅಕ್ಕೋರು ರಜೆಗೆ ಭೋಜಕ್ಕೆ ಹೋದಾಗ ವಿಡಿಯೋಗಳನ್ನು ಪೆನ್‌ಡ್ರೈವಿನಲ್ಲಿ ತುಂಬಿಕೊಂಡು ತರುತ್ತಿದ್ದರು. ಅವುಗಳಲ್ಲಿ ಹೆಚ್ಚಿನವು ಇಂಗ್ಲಿಷಿನವು. ಅವರು ಧ್ವನಿ ಬಂದ್ ಮಾಡಿ, ಚಿತ್ರ ಓಡಲು ಬಿಟ್ಟು, ಕಥೆಯನ್ನು ನಮ್ಮ ಭಾಷೆಯಲ್ಲಿ ತಾವೇ ಹೇಳುತ್ತಿದ್ದರು. ಎರಡನೆಯ ಸಲ ಅದೇ ವಿಡಿಯೋ ಹಚ್ಚಿದಾಗ ಕಥೆ ಹೇಳುವ ಸರದಿ ಮಕ್ಕಳದು.

ಈಗ ನನ್ನ ಮಗಳು ಕೋಮಲಳ ವಿಷಯ. ನನ್ನ ಯಜಮಾನರು ಮಾಳೇಶ ಅವರು ಕೆಲವು ವರ್ಷ ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ಮಗ್ಗದ ಕೆಲಸಕ್ಕಿದ್ದರು. ಮಗಳು ಅಲ್ಲಿ ಮರಾಠಿ ಶಾಲೆ ಕಲಿತಳು. ಅತ್ತೆ ಕೆಂಪವ್ವನವರೊಬ್ಬರಿಂದ ಕುರಿ ನೋಡಿಕೊಳ್ಳುವುದು ಆಗದಾದಾಗ ನಾವು ಊರಿಗೆ ಮರಳಿದೆವು, ಕೋಮಲ ಅಕ್ಕೋರ ಶಾಲೆಯಲ್ಲಿ ಆರನೆಯ ಇಯತ್ತೆಗೆ ಸೇರಿದಳು. ಮನೆಯಲ್ಲಿ ಚಟಪಟ ಕನ್ನಡ ಆಡುವ ಹುಡುಗಿಗೆ ಕನ್ನಡ ಅಕ್ಷರ ಮಾತ್ರ ಬರುತ್ತಿರಲಿಲ್ಲ. ಒಂದು ದಿನ ಓದಲು ನಿಂತು ತಡವರಿಸಿದಾಗ ಶುಭಮ ಎಂಬ ಹುಡುಗ "ಇಕಿ ಓದಾಕ ನಿಂತ್ರ ಗಾಡಿ ಪಂಕ್ಚರ್ ಆಗತೈತಿ" ಎಂದನಂತೆ. ವರ್ಗವೆಲ್ಲ ನಕ್ಕಿತು. ಅಂದಿನಿಂದ ಅವಳು ಶಾಲೆಯಲ್ಲಿ ತುಟಿ ಬಿಚ್ಚಲಿಲ್ಲ.

ಅಕ್ಕೋರು ಗದರಿಸಲಿಲ್ಲ, ಯಾರನ್ನೂ ಎಬ್ಬಿಸಿ ನಿಲ್ಲಿಸಲೂ ಇಲ್ಲ. ಸಿಂಧೂ ಕಣಿವೆಯ ಮುದ್ರೆಗಳ ದೊಡ್ಡ ಚಿತ್ರವೊಂದನ್ನು ಗೋಡೆಗೆ ಹಚ್ಚಿ, ಅದರ ಮೇಲಿನ ಲಿಪಿಯನ್ನು ಓದಿರೆಂದು ಒಬ್ಬೊಬ್ಬರನ್ನೇ ಕೇಳಿದರು. ಯಾರಿಗೂ ಬರಲಿಲ್ಲ. ಆಗ ಅವರು ಆಡಿದ ಮಾತನ್ನು ಕೋಮಲ ಮನೆಗೆ ಬಂದು ನನಗೆ ಹೇಳಿದಳು: "ಇದನ್ನ ಓದಾಕ ನನಗೂ ಬರಂಗಿಲ್ಲ, ಹೆಡ್ ಮಾಸ್ತರಿಗೂ ಬರಂಗಿಲ್ಲ, ಜಗತ್ತಿನಾಗ ಇನ್ನೂ ಯಾರಿಗೂ ಬಂದಿಲ್ಲ. ಇವತ್ತ ನಾವೆಲ್ಲಾರೂ ಒಂದ ಸಾಲಿನಾಗ ಕುಂತೇವಿ."

ಮಗಳು ಆ ಸಂಜೆ ನಕ್ಕಳು. ಆದರೆ ಶಾಲೆಯಲ್ಲಿ ಮಾತು ಹೊರಡಲೇ ಇಲ್ಲ. ಯಜಮಾನರು ಮನಸ್ಸು ಗಟ್ಟಿ ಮಾಡಿದರು. ಅವಳನ್ನು ಇಚಲಕರಂಜಿಯಲ್ಲಿರುವ ತಮ್ಮ ಅಕ್ಕನ ಮನೆಯಲ್ಲಿ ಬಿಟ್ಟು, ಮತ್ತೆ ಮರಾಠಿ ಶಾಲೆಗೇ ಹಾಕುವುದೆಂದು ನಿಶ್ಚಯವಾಯಿತು. ಅವರದೂ ತಪ್ಪಲ್ಲ, ಮಗಳು ಮುದುಡುವುದನ್ನು ಯಾವ ತಂದೆ ನೋಡಿಯಾನು? ಆದರೆ ತನ್ನ ಜಡೆ ತಾನೇ ಹಾಕಿಕೊಳ್ಳಲು ಬಾರದ ಕೂಸನ್ನು ನಾನು ಹೇಗೆ ಕಳಿಸಲಿ? ಟಿ.ಸಿ. ತರಲು ಅವರು ಶಾಲೆಗೆ ಹೊರಟಾಗ ನಾನೂ ಬೆನ್ನು ಹತ್ತಿದೆ.

ಅಂದು ಪಡಸಾಲೆಯಲ್ಲಿ ಹರಪ್ಪದ ಸಂತೆ ಕೂಡಿತ್ತು. ಮಕ್ಕಳು ಮಣ್ಣಿನಲ್ಲಿ ಮಾಡಿ ಒಣಗಿಸಿದ ಮುದ್ರೆ, ಮಣಿ, ಹತ್ತಿ, ನಮ್ಮ ಮನೆಯಿಂದ ಕೊಟ್ಟ ಉಣ್ಣೆ ಎಲ್ಲ ಹರಡಿತ್ತು. ಸಿಂಧೂ ಕಣಿವೆಯವರು ದೂರದ ಮೆಸಪೊಟೇಮಿಯಾದವರೊಡನೆ ವ್ಯಾಪಾರ ಮಾಡುತ್ತಿದ್ದರು, ಇವರ ಭಾಷೆ ಅವರದಲ್ಲ. ಆದ್ದರಿಂದ ಆಟದ ನಿಯಮ ಒಂದೇ: ಯಾರೂ ಮಾತಾಡುವಂತಿಲ್ಲ, ಆಡಿದವರ ಸರಕು ಹೋಯಿತು. ಯಜಮಾನರು ಬಂದ ಕೆಲಸ ಹೇಳಿದರು. ಅಕ್ಕೋರು ನನ್ನ ಮುಖವನ್ನೊಮ್ಮೆ ನೋಡಿದರು.

"ಕೊಡೋಣಂತ್ರಿ. ಹೆಡ್ ಮಾಸ್ತರ ಮೀಟಿಂಗಿಗೆ ಹೋಗ್ಯಾರ, ಬರೂತನಾ ಸುಮ್ಮ ಯಾಕ ನಿಂದರತೀರಿ? ಆ ಉಣ್ಣಿ ಮುಂದ ಇಟಗೊಂಡು ಕುಂಡ್ರಿ. ನನಗ ದೂರ ದೇಶದ ವ್ಯಾಪಾರಿ ಒಬ್ಬ ಕಡಿಮಿ ಬಿದ್ದಾನ."

ಅಕ್ಕೋರ ಮಾತಿಗೆ ಇಲ್ಲವೆನ್ನಲಾಗದೆ ಅವರು ಕುಳಿತರು. ಮಕ್ಕಳು ಕೈ ಬೀಸಿ, ಕಣ್ಣು ಹಾರಿಸಿ, ಏನೂ ತಿಳಿಸಲಾಗದೆ ಬೆವರುತ್ತಿದ್ದರು. ಆಗ ಕೋಮಲ ಎದ್ದು ಬಂದು ತಂದೆಯ ಎದುರು ಕುಳಿತು, ಕೊರಳಿನ ವೇಲ್ ತೆಗೆದು ತನ್ನ ಕೈಮೇಲೆ ಹೊದಿಸಿದಳು. ಯಜಮಾನರ ಮುಖದಲ್ಲಿ ನಗೆ ಮೂಡಿತು. ಕುರಿಸಂತೆಯಲ್ಲಿ ಕೊಳ್ಳುವವರೂ ಮಾರುವವರೂ ಟವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದೇ ದರ ಹೇಳುತ್ತಾರೆ. ಸುತ್ತಲಿನವರಿಗೆ ಏನೂ ತಿಳಿಯುವುದಿಲ್ಲ. ಸಂತೆಗೆ ಹೋಗುವಾಗೆಲ್ಲ ಅತ್ತೆ ಮೊಮ್ಮಗಳನ್ನು ಕರೆದೊಯ್ದು ಅದನ್ನು ಕಲಿಸಿದ್ದರು. ತಂದೆಯ ಕೈ ವೇಲಿನೊಳಗೆ ಹೋಯಿತು. ಅವಳು ಮಣಿ ತೋರಿಸಿ ಬೆರಳು ಹಿಡಿದಳು, ಅವರು ಒಲ್ಲೆನೆಂದು ತಲೆಯಾಡಿಸಿದರು. ಮತ್ತೆ ಹಿಡಿದಳು, ಮತ್ತೆ ತಲೆಯಾಡಿಸಿದರು. ಆಗ ಅವಳು ಥೇಟ್ ಅಜ್ಜಿಯ ಹಾಗೆಯೇ ಕೈ ಕಿತ್ತುಕೊಂಡು, ಮುಖ ತಿರುಗಿಸಿ, ಎದ್ದು ನಡೆದೇಬಿಟ್ಟಳು.

"ಏ ಕೋಮಲಾ, ಬಾರವ್ವ, ಕೊಡತೇನಿ!" ಎಂದರು ಯಜಮಾನರು.

ಪಡಸಾಲೆ ಹಾರಿಹೋಗುವಂತೆ ಮಕ್ಕಳು ಚಪ್ಪಾಳೆ ಬಡಿದರು. ದೂರ ದೇಶದ ವ್ಯಾಪಾರಿ ಬಾಯಿ ಬಿಟ್ಟಿದ್ದರು, ಉಣ್ಣೆಯೆಲ್ಲ ಹೋಯಿತು. ಆಟ ಮುಗಿದ ಮೇಲೆ ಎಲ್ಲರೂ ಅವಳನ್ನು ಮುತ್ತಿ, ನನಗೆ ಕಲಿಸು, ನನಗೆ ಕಲಿಸು ಎಂದರು. ಎಲ್ಲರಿಗಿಂತ ಮುಂದೆ ಕೈ ಚಾಚಿದವನು ಶುಭಮ.

"ಒಳಗ ಹಾಕ ಕೈ. ಹೆದರಬ್ಯಾಡ, ಪಂಕ್ಚರ್ ಆಗಂಗಿಲ್ಲ" ಎಂದಳು ನನ್ನ ಮಗಳು.

ಆ ವರ್ಗದಲ್ಲಿ ಎಷ್ಟೋ ದಿನಗಳ ಮೇಲೆ ಅವಳು ಆಡಿದ ಮೊದಲ ಮಾತದು. ಹರಪ್ಪದವರೂ ಹೀಗೆಯೇ ಮಾಡುತ್ತಿದ್ದರೇ ಎಂದು ಒಬ್ಬರು ಕೇಳಿದಾಗ, ಅದು ಯಾರಿಗೂ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಬಾರದು ಎಂದರು ಅಕ್ಕೋರು. ಸಂತೋಷದ ಆ ಗದ್ದಲದಲ್ಲೂ ಅವರು ಪಾಠದ ಶಿಸ್ತು ಬಿಡಲಿಲ್ಲ. ಅಷ್ಟರಲ್ಲಿ ಹೆಡ್ ಮಾಸ್ತರರು ಬಂದರು. ಟಿ.ಸಿ. ಬರೆಸಲೇ ಎಂದು ಅಕ್ಕೋರು ಕೇಳಿದರು.

"ಇರ್ಲಿ ಬಿಡ್ರಿ ಅಕ್ಕೋರ" ಎಂದರು ಯಜಮಾನರು. "ಇದ್ದ ಉಣ್ಣಿ ಎಲ್ಲಾ ಕಸಗೊಂಡಾಳ. ನಾ ತಿರುಗಿ ಗೆಲ್ಲೂತನಾ ಇಕಿ ಇಲ್ಲೇ ಇರ್ಲಿ."

ಒಂದೇ ದಿನದಲ್ಲಿ ಅಕ್ಷರ ಬರಲಿಲ್ಲ. ಅಕ್ಕೋರು ಭೋಜದ ತಮ್ಮ ಮನೆಯಿಂದ ಪ್ರಾಚೀನ ನಗರಗಳ ಮರಾಠಿ ಪುಸ್ತಕಗಳನ್ನು ತಂದು, ಪಕ್ಕದಲ್ಲಿ ಅದೇ ವಿಷಯದ ಕನ್ನಡ ಪುಸ್ತಕವಿಟ್ಟು, ಗೊತ್ತಿರುವುದರಿಂದ ಗೊತ್ತಿಲ್ಲದ್ದರ ಕಡೆಗೆ ಅವಳನ್ನು ನಡೆಸಿದರು. ಇದಕ್ಕಾಗಿ ಅವರು ಸಂಜೆಯ ಬಸ್ಸನ್ನು ಬಿಟ್ಟ ದಿನಗಳು ಬಹಳ. ಧ್ವನಿಯಿಲ್ಲದ ವಿಡಿಯೋಗೆ ಕೋಮಲ ಕಥೆ ಹೇಳಿದ ದಿನ, ಕನ್ನಡದ ನಡುವೆ ಮರಾಠಿ ನುಸುಳಿದರೂ ಯಾರೂ ನಗಲಿಲ್ಲವಂತೆ. ಈಗ ಅವಳು ಹಾರೂಗೇರಿಯಲ್ಲಿ ಒಂಬತ್ತನೆಯ ಇಯತ್ತೆ ಓದುತ್ತಿದ್ದಾಳೆ. ಇವಳ ಮಾತು ಹೆಚ್ಚಾಯಿತು ಎಂದು ಅಲ್ಲಿಯ ಶಿಕ್ಷಕರು ದೂರುತ್ತಾರೆ. ಆ ದೂರು ಕೇಳಲು ನನಗೆ ಬೇಸರವೇ ಆಗುವುದಿಲ್ಲ.

ಮೊನ್ನೆ ಅಕ್ಕೋರನ್ನು ಕಾಣಲು ತಾಯಿ ಮಗಳು ಇಬ್ಬರೂ ಹೋಗಿದ್ದೆವು. ನಿವೃತ್ತಿಯಾದರೂ ತೋಟದ ಶಾಲೆಗೆ ಬಂದು ಸಂತೆ ಕೂಡಿಸಬೇಕೆಂದು ಕೋಮಲ ಹಟ ಹಿಡಿದಳು. ಎಷ್ಟು ವರ್ಷ ಬರಲವ್ವಾ ಎಂದು ಅವರು ಕೇಳಿದರು. ಮಗಳು ಮಾತಾಡದೆ ವೇಲ್ ಹೊದಿಸಿ ಕೈ ಚಾಚಿದಳು. ಒಳಗೆ ಬೆರಳುಗಳು ಅಲುಗಿದವು. ಅಕ್ಕೋರು ಬೆರಳಲ್ಲಿ ಹೇಳಿದ ವರ್ಷಗಳು ಅವಳಿಗೆ ಸಾಲಲಿಲ್ಲವೆಂದು ಕಾಣುತ್ತದೆ. ಕೈ ಕಿತ್ತುಕೊಂಡು, ಮುಖ ತಿರುಗಿಸಿ, ಬಾಗಿಲ ಕಡೆ ನಡೆದಳು.

"ಏ ಬಾರವ್ವ, ಬರತೇನಿ" ಎಂದು ಅಕ್ಕೋರು ಕೂಗಿದರು.

ಮಾತಿಲ್ಲದ ಸಂತೆಯ ನಿಯಮದಂತೆ ಬಾಯಿ ಬಿಟ್ಟವರು ಸೋತರು. ಇನ್ನು ಅವರು ಬರಲೇಬೇಕು. ಅವರಿಗೆ ಗಟ್ಟಿ ಆರೋಗ್ಯವಿರಲಿ, ಭೋಜದ ಮನೆಯಲ್ಲಿ ಪುಸ್ತಕಗಳು ಬೆಳೆಯುತ್ತಿರಲಿ, ಪೆನ್‌ಡ್ರೈವ್ ಹಿಡಿದ ಆ ಕೈ ನಮ್ಮ ತೋಟದ ದಾರಿಯನ್ನು ಮರೆಯದಿರಲಿ. ಅವರ ಆಯುಷ್ಯದ ವಿಷಯದಲ್ಲಿ ನಾನೂ ನನ್ನ ಮಗಳ ಹಾಗೆಯೇ. ಕಡಿಮೆಗೆ ಒಪ್ಪುವವಳಲ್ಲ.

ಶೀತಲ್ ಮಾಳೇಶ
ತೋಟದ ಮನೆ, ಹಾರೂಗೇರಿ