ಎರಡೂ ಕಡೆ ಒಪ್ಪಿದ ಮೇಲೆ ಸಕ್ಕರೆ

ಸಂಡೂರಿನ ಕೆಂಪು ದೂಳು ಟೀಚರ್ ಕನ್ನಡಕ ಬಿಟ್ಟು ಇಳಿದದ್ದನ್ನು ನಾನು ನೋಡಲೇ ಇಲ್ಲ. ಕೆಲಸಕ್ಕೆ ಕೂರುವ ಮೊದಲು ಸೆರಗಿನ ತುದಿಯಿಂದ ಕನ್ನಡಕ ಒರೆಸುವರು, ಆಮೇಲೆ ಕೀಬೋರ್ಡು. ಸೆರಗು ಕೆಂಪಾಗುತ್ತಿತ್ತು, ಕನ್ನಡಕ ಹಾಗೇ ಇರುತ್ತಿತ್ತು.

ನಮ್ಮ ಪಕ್ಕದ ಮನೆಯವರು. ನಾನು ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಅವರು ಪಡಸಾಲೆಯಲ್ಲಿ ನನ್ನ ಮೊಮ್ಮಗಳಿಗೆ ಕಂಪ್ಯೂಟರಿನ ‘ಸಿ’ ಭಾಷೆ ಕಲಿಸುವಾಗ ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದೆ. ಕಂಪೈಲರ್ ಅಂದರೆ ದುಭಾಷಿ, ನಾವು ಬರೆದದ್ದನ್ನು ಕಂಪ್ಯೂಟರಿಗೆ ತಿಳಿಸಿ ಹೇಳುವಂಥದ್ದು. ಅಷ್ಟು ನನಗೂ ಗೊತ್ತು. ಅವರ ಲ್ಯಾಪ್‌ಟಾಪಿನಲ್ಲಿ ಹೊಸ ಕಂಪೈಲರ್, ಮೂಲೆಯಲ್ಲಿ ಟವೆಲ್ ಹೊದ್ದು ಕೂತ ದಪ್ಪ ಕಂಪ್ಯೂಟರಿನಲ್ಲಿ ಹಳೆಯದು. ಅದನ್ನು ‘ಹಿರೇರು’ ಅನ್ನುತ್ತಿದ್ದರು. ಎರಡೂ ಒಪ್ಪದೆ ಯಾವ ಪ್ರೋಗ್ರಾಮನ್ನೂ ಹೊರಗೆ ಬಿಡುತ್ತಿರಲಿಲ್ಲ. “ಎರಡೂ ಕಡೇರು ಒಪ್ಪಿದ ಮ್ಯಾಲೇ ಸಕ್ರಿ” ಎನ್ನುವರು. ಲಗ್ನ ನಿಶ್ಚಯವಾದರೆ ಸಕ್ಕರೆ ಹಂಚುತ್ತೇವಲ್ಲ, ಹಾಗೆ ಒಂದು ಚಿಟಿಕೆ ಶಿಷ್ಯೆಯ ಬಾಯಿಗೆ.

ಪಕ್ಕದ ವಡ್ಡು ಊರಿನ ಕಡೆಯ ಒಂದು ಅದಿರು ಯಾರ್ಡಿನವರು ಮೊಮ್ಮಗಳಿಗೆ ಲಾರಿ ತೂಕದ ಪ್ರೋಗ್ರಾಂ ಬರೆಯಲು ಹೇಳಿದ್ದರು. ಒಂದು ಗೇಟಿನಲ್ಲಿ ಓಬಿರಾಯನ ಕಾಲದ ಕಂಪ್ಯೂಟರ್, ಇನ್ನೊಂದರಲ್ಲಿ ಹೊಸದು. ಎರಡೂ ಕಡೆ ಸರಿಹೋದರೆ ಅಲ್ಲೇ ಕೆಲಸ. ಲ್ಯಾಪ್‌ಟಾಪಿನಲ್ಲಿ ಪ್ರೋಗ್ರಾಂ ಸರಾಗ ಓಡಿತು. ಹುಡುಗಿ ಕುಣಿದಳು.

“ಹಿರೇರನ್ನ ಕೇಳಿದೇನ?” ಎಂದರು ಟೀಚರ್.

“ಅದನ್ನ ಗುಜರಿಗೆ ಹಾಕ್ರಿ ಮೇಡಂ!”

“ಗೇಟಿನ್ಯಾಗ ಅದರ ತಮ್ಮ ಕುಂತಾನಲ್ಲಲೇ, ಅವನ್ನೂ ಹಾಕ್ತಿಯೇನು?”

ಹಳೆಯದರಲ್ಲಿ ನಲವತ್ತು ಸಾವಿರ ಕಿಲೋದ ಲಾರಿಗೆ ತೂಕ ಮೈನಸ್ ಬಂತು! ನನಗೆ ನಗು ತಡೆಯಲಿಲ್ಲ. “ಏನ್ರೀ ಟೀಚರ್, ಲಾರಿ ಗಾಳ್ಯಾಗ ಹಾರ್ತದೇನ್ರೀ?”

“ಅವ್ವಾ, ಪಾವಿನ್ಯಾಗ ಸೇರು ಅಕ್ಕಿ ಸುರುವಿದ್ರ?”

“ಚೆಲ್ತದ.”

“ಹಂಗ ಆತ್ರೀ ಇದು. ಇಕಿ ಅಂಕಿ ಇಟ್ಟ ಡಬ್ಬಿ ಹೊಸದ್ರಾಗ ದೊಡ್ಡದು, ಹಳೇದ್ರಾಗ ಸಣ್ಣದು. ಹೆಸರು ಮಾತ್ರ ಒಂದ. ಎರಡೂ ಕಡೆ ಹಿಡಿಯೋ ಡಬ್ಬೀನ ಕೇಳಿ ಇಸ್ಕೋಬೇಕು.”

ಮೊಮ್ಮಗಳು ಮುಖ ಊದಿಸಿಕೊಂಡೇ ಡಬ್ಬಿ ಬದಲಿಸಿದಳು. ‘ಹಿರೇರೂ’ ನಲವತ್ತು ಸಾವಿರ ಎಂದರು. ಸಕ್ಕರೆ ಬಿತ್ತು.

ಯಾರ್ಡಿಗೆ ಹೋಗುವ ದಿನ ಬರುವಷ್ಟರಲ್ಲಿ ಟೀಚರ್ ಇರಲಿಲ್ಲ. ಎದೆನೋವು ಎಂದವರು ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ. ಹಳೆಯ ಕಂಪ್ಯೂಟರನ್ನು ಅವರ ಮಗ ನಮ್ಮ ಮನೆಗೇ ತಂದಿಟ್ಟ. “ಇದು ನಿಮ್ಮ ಹುಡುಗಿಗೇ ಅಂತ ಹೇಳಿದ್ಲು ಅವ್ವ” ಎಂದ.

ಯಾರ್ಡಿಗೆ ನಾನೂ ಹಟ ಮಾಡಿ ಹೋದೆ, ಸೆರಗಿನ ಗಂಟಿನಲ್ಲಿ ಸಕ್ಕರೆ ಕಟ್ಟಿಕೊಂಡು. ಅದಿರು ತುಂಬಿದ ಲಾರಿ ಹಳೇ ಗೇಟಿನಲ್ಲಿ ತೂಗಿಸಿಕೊಂಡು ಹೊಸ ಗೇಟಿಗೆ ಹೋಯಿತು. ಮೊಮ್ಮಗಳು ನನ್ನ ಕೈ ಹಿಚುಕುತ್ತಿದ್ದಳು. ಸೂಪರ್‌ವೈಜರ್ ಅಲ್ಲಿಂದಲೇ ಕೂಗಿದ: “ಎರಡೂ ಕಡೆ ಒಂದ ತೂಕ! ಸೋಮವಾರ ಕೆಲಸಕ್ಕ ಬಾರವ್ವಾ!”

ಕುಣಿಯಲು ಮಂಡಿ ಬಿಡಲಿಲ್ಲ, ಇಲ್ಲದಿದ್ದರೆ ಕುಣಿಯುತ್ತಿದ್ದೆ. ಅವಳ ಬಾಯಿಗೆ ಸಕ್ಕರೆ ಹಾಕಿದೆ, ಸೂಪರ್‌ವೈಜರ್ ಬಾಯಿಗೂ ಹಾಕಿದೆ.

ಈಗ ಯಾರ್ಡಿನವರು ಹಳೇ ಗೇಟಿಗೂ ಹೊಸ ಕಂಪ್ಯೂಟರ್ ತರುತ್ತಾರಂತೆ. “ತರ್ರಿ, ಎರಡೂ ಕಡೇರು ಒಪ್ಪಿದ ಪ್ರೋಗ್ರಾಂ ಅದು, ಮುಟ್ಟೋದೇನೂ ಬ್ಯಾಡ” ಎಂದಳಂತೆ ನನ್ನ ಮೊಮ್ಮಗಳು. ಹಾಗೆನ್ನುವ ಮೊದಲು, ಈಗ ತನಗೂ ಬಂದಿರುವ ಕನ್ನಡಕ ತೆಗೆದು ವೇಲಿನ ತುದಿಯಿಂದ ಒರೆಸಿಕೊಂಡಿರುತ್ತಾಳೆ. ಕೇಳದೆಯೂ ನನಗೆ ಗೊತ್ತು.